ಹೆಣ ಕಾಯಲು ಬಂದವರು

ನನ್ನ ತಮ್ಮ ಸಿನಿಬಾಲ್ದೊ ಸಂತ ಎಂದು ಈಗ ಬೆಟ್ಟದ ಆಚೆಯವರೂ ಹೇಳುತ್ತಾರೆ, ಈಚೆಯವರೂ ಹೇಳುತ್ತಾರೆ. ಹೇಳಲಿ, ನನ್ನದೇನೂ ತಕರಾರಿಲ್ಲ. ಆದರೆ ಅವನ ಮೂಗು ಒರೆಸಿ ದೊಡ್ಡವನನ್ನಾಗಿ ಮಾಡಿದವಳು ನಾನು. ಬಾತುಕೋಳಿ ಕಂಡರೆ ಕಿರುಚಿಕೊಂಡು ನನ್ನ ಲಂಗದ ಹಿಂದೆ ಅಡಗುತ್ತಿದ್ದ ಹುಡುಗ ಅವನು. ಅವನು ತೋಳಕ್ಕೆ ಉಪದೇಶ ಮಾಡಿದನಂತೆ, ತೋಳ ಕಣ್ಣೀರು ಹಾಕಿತಂತೆ ಎಂದು ಯಾರಾದರೂ ನನ್ನೆದುರು ಶುರು ಮಾಡಿದರೆ ನಗು ತಡೆಯುವುದೇ ಕಷ್ಟವಾಗುತ್ತದೆ.

ನನ್ನ ಹೆಸರು ಪೆರ್ನಾ. ಕಾಪ್ರಾರದ ಊರೊಲೆ ನನ್ನದು. ಊರವರು ಹಿಟ್ಟು ನಾದಿ ತರುತ್ತಾರೆ, ನಾನು ರೊಟ್ಟಿ ಸುಟ್ಟುಕೊಡುತ್ತೇನೆ, ಅದರಲ್ಲೇ ಒಂದಿಷ್ಟು ನನ್ನ ಕೂಲಿ. ಜ್ವರದ ವರ್ಷದಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಆ ಕೂಲಿ ರೊಟ್ಟಿಯಲ್ಲೇ ತಮ್ಮ ಬಾಲ್ದೊನನ್ನು ಸಾಕಿದೆ. ಅವನೋ, ನಾನು ಬೆನ್ನು ತಿರುಗಿಸಿದರೆ ಸಾಕು, ರೊಟ್ಟಿಯನ್ನು ಹಿಂಬಾಗಿಲಿನಿಂದ ಭಿಕ್ಷುಕರಿಗೆ ಕೊಟ್ಟುಬಿಡುತ್ತಿದ್ದ. ಕೇಳಿದರೆ, "ಅವ್ರಿಗೆ ಹಸಿವಾಗಿತ್ತಕ್ಕ" ಎನ್ನುತ್ತಿದ್ದ. ನಮಗೇನು ಹೊಟ್ಟೆ ಇರಲಿಲ್ಲವೇ?

ಮದುವೆ ಮಾಡಿದರೆ ಬುದ್ಧಿ ಬರುತ್ತದೆಂದು ಪೀಪಾಯಿ ಮಾಡುವವರ ಮನೆಯ ಹುಡುಗಿಯನ್ನು ನೋಡಿದೆ. ಕಣ್ಣು ಮೂಗು ಚೆನ್ನಾಗಿದ್ದ, ಕೆಲಸದಲ್ಲಿ ಚುರುಕಾಗಿದ್ದ ಹುಡುಗಿ. ನಿಶ್ಚಿತಾರ್ಥದ ದಿನ ನೆಂಟರು ಬಂದು ಕೂತಿದ್ದಾರೆ, ಮಡಕೆಯಲ್ಲಿ ಕೋಳಿ ಕುದಿಯುತ್ತಿದೆ, ಇವನು "ಸೌದೆ ತರ್ತೀನಕ್ಕ" ಎಂದು ಹೊರಗೆ ಹೋದ. ಹೋದವನು ಇನ್ನೂ ತರುತ್ತಲೇ ಇದ್ದಾನೆ! ಮೂರು ದಿನ ಹುಡುಕಿದ ಮೇಲೆ ಬೆಟ್ಟದ ನೆತ್ತಿಯ ಗುಹೆಯೊಂದರಲ್ಲಿ ಸಿಕ್ಕ. ಮೊಣಕಾಲೂರಿ ಕಣ್ಣು ಮುಚ್ಚಿ ಕೂತಿದ್ದ, ಮುಖದಲ್ಲಿ ಎಂಥ ಸುಖ ಎಂದರೆ ಬೈಯಲು ಹೋದವಳಿಗೆ ಬಾಯಿ ಬರಲಿಲ್ಲ. ಬೈಗುಳವನ್ನು ಮುಂದಿನ ವಾರಕ್ಕೆ ಇಟ್ಟುಕೊಂಡು ಇಳಿದು ಬಂದೆ.

ಆ ಗುಹೆ ನೆಟ್ಟಗೆ ಎರಡು ಊರುಗಳ ನಡುವೆ ಇತ್ತು. ಈ ಇಳಿಜಾರಿನಲ್ಲಿ ನಮ್ಮ ಕಾಪ್ರಾರ, ಇದ್ದಿಲು ಸುಡುವವರ ಊರು. ಆ ಇಳಿಜಾರಿನಲ್ಲಿ ಸೆರಾಲ್ಬ, ಗಿರಣಿ ಮತ್ತು ದ್ರಾಕ್ಷಿತೋಟದವರ ಊರು. ಇವರನ್ನು ಕಂಡರೆ ಅವರಿಗಾಗದು, ಅವರನ್ನು ಕಂಡರೆ ಇವರಿಗಾಗದು. ಎರಡೂ ಕಡೆಯವರು ಬಾಲ್ದೊನ ಹತ್ತಿರ ಕಷ್ಟ ಹೇಳಿಕೊಳ್ಳಲು ಬರತೊಡಗಿದರು. ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಹೇಳುವವರು ಮುಗಿಸುವ ತನಕ ಕೇಳುತ್ತಿದ್ದ, ಅಷ್ಟೇ. ನಮ್ಮ ಕಡೆ ಯಾರ ಮಾತನ್ನೂ ಯಾರೂ ಕೊನೆತನಕ ಕೇಳಿದ್ದಿಲ್ಲವಲ್ಲ, ಅದನ್ನೇ ಜನ ಪವಾಡ ಅಂದುಕೊಂಡರು. ಒಮ್ಮೆ ಇದ್ದಿಲಿನ ಗಾರ್ನೇರೊ ಹಂದಿ ಕಳೆದುಕೊಂಡು ಅಳುತ್ತಾ ಹೋದ. ಇವನು "ಮನೆಗೆ ಹೋಗಪ್ಪ" ಎಂದ. ಹೋಗಿ ನೋಡಿದರೆ ಹಂದಿ ಅಂಗಳದಲ್ಲಿತ್ತು. ಹಸಿವಾದರೆ ಹಂದಿ ಮನೆಗೆ ಬರದೆ ರೋಮಿಗೆ ಹೋಗುತ್ತದೆಯೇ? ಆದರೆ ಅಂದಿನಿಂದ ಗಾರ್ನೇರೊ ಇವನನ್ನು "ಸ್ವಾಮಿ" ಎನ್ನತೊಡಗಿದ, ಊರೂ ಅನ್ನತೊಡಗಿತು.

ಹೀಗೆ ವರ್ಷಗಳು ಹೋದವು. ಆ ಸಲ ಕ್ರಿಸ್ಮಸ್ ಹತ್ತಿರ ಬರುತ್ತಿದ್ದಾಗ ನಾನು ರೊಟ್ಟಿ ಹೊತ್ತು ಗುಹೆಗೆ ಹೋದೆ. ಬಾಲ್ದೊ ಒದ್ದೆ ಕಲ್ಲಿನ ಮೇಲೆ ಬಿದ್ದಿದ್ದ. ಮೈ ನನ್ನ ಒಲೆಯ ಹಾಗೆ ಸುಡುತ್ತಿತ್ತು. ಕೆಮ್ಮಿದರೆ ಎದೆಯೊಳಗೆ ಏನೋ ಹರಿದಂತೆ ಸದ್ದು. ಗುಹೆಯ ಬಾಯಲ್ಲಿ ಮಾತ್ರ ಜಾತ್ರೆ! ಎಡಕ್ಕೆ ಕಾಪ್ರಾರದವರು, ಬಲಕ್ಕೆ ಸೆರಾಲ್ಬದವರು, ಕೈಯಲ್ಲಿ ದೊಣ್ಣೆ. ಎರಡು ಗುಂಪಿನ ಮುಂದೆಯೂ ಒಂದೊಂದು ಚಟ್ಟ. ಸೆರಾಲ್ಬದವರ ಚಟ್ಟಕ್ಕೆ ರೇಷ್ಮೆ ಅಂಚು ಬೇರೆ.

"ಏನ್ರೋ ಇದು?" ಎಂದೆ ಗಾರ್ನೇರೊನಿಗೆ.

"ಸ್ವಾಮಿಗೆ ಹುಷಾರಿಲ್ಲ ಅಂತ ಗೊತ್ತಾಯ್ತು ಪೆರ್ನಕ್ಕ. ಓಡಿ ಬಂದ್ವಿ."

"ಓಡಿ ಬಂದ್ರಲ್ಲ, ಒಂದು ಗುಟುಕು ಬಿಸಿನೀರು ಕೊಟ್ರಾ?"

ಗಾರ್ನೇರೊ ಚಟ್ಟಕ್ಕೆ ಮರೆಯಾಗಿ ನಿಂತುಕೊಂಡ. ಆಳು ಎತ್ತರ, ಕೈ ಮುಖವೆಲ್ಲ ಮಸಿ, ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದ ಒಂಟಿ ಗಂಡಸು. ಕೆಟ್ಟವನಲ್ಲ, ಊರಿನ ಮಾತಿಗೆ ತಲೆಯಾಡಿಸುವವನು.

"ಚಟ್ಟ ಯಾಕೋ ತಂದೆ?"

"ಬೇಕಾದ್ರೆ ಇರ್ಲಿ ಅಂತ..."

ನನ್ನ ಮೈಯೆಲ್ಲ ಉರಿದುಹೋಯಿತು. "ದಾರಿ ಬಿಡಿ. ಇವನನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ಒಲೆ ಮುಂದೆ ಮಲಗಿಸಿದ್ರೆ ವಾರದಲ್ಲಿ ಎದ್ದು ಕೂರ್ತಾನೆ" ಎಂದೆ.

ಸೆರಾಲ್ಬದ ಗಿರಣಿಯ ಪಾಲ್ಮೇರಿಯೊ ಹೊಟ್ಟೆ ಮುಂದೆ ಮಾಡಿಕೊಂಡು ಅಡ್ಡ ಬಂದ. "ಅದಾಗಲ್ಲ ತಾಯಿ. ನಿಮ್ಮನೆ ಇರೋದು ಕಾಪ್ರಾರದಲ್ಲಿ. ಅಲ್ಲಿ ಪ್ರಾಣ ಹೋದ್ರೆ ಸ್ವಾಮಿ ಕಾಪ್ರಾರದ ಪಾಲಾಗ್ತಾರೆ. ಬೇಕಿದ್ರೆ ನಮ್ಮ ಗಿರಣಿಗೆ ತನ್ನಿ, ಬೆಚ್ಚಗಿದೆ."

"ನಿನ್ನ ಗಿರಣಿಗೆ ಬಂದ್ರೆ ಗಟ್ಟಿಮುಟ್ಟಾಗಿರೋನೂ ಸಾಯ್ತಾನೆ" ಎಂದ ಗಾರ್ನೇರೊ. "ನಿನ್ನ ಹಿಟ್ಟಲ್ಲಿ ಕಲ್ಲಿನ ಪುಡಿ ತಿಂದು ತಿಂದು ನಮ್ಮೂರಲ್ಲಿ ಒಬ್ಬರ ಹಲ್ಲೂ ನೆಟ್ಟಗಿಲ್ಲ."

"ಹಲ್ಲು ಇರೋರು ತಾನೇ ದೂರೋದು? ನಿನ್ನ ಬಾಯಿ ತೆಗಿ, ನೋಡೋಣ!"

ದೊಣ್ಣೆಗಳು ಮೇಲೆದ್ದವು. ತಪ್ಪು ಅವರದಷ್ಟೇ ಅಲ್ಲ, ನಮ್ಮ ಸೀಮೆಯ ಪದ್ಧತಿಯೇ ಹಾಗೆ. ಸಂತನ ಉಸಿರು ಎಲ್ಲಿ ನಿಲ್ಲುತ್ತದೋ ದೇಹ ಅಲ್ಲಿಯದು. ಧರ್ಮಾಧ್ಯಕ್ಷರು ಬಂದು ಹೇಳಿದರೂ ಕದಲಿಸುವಂತಿಲ್ಲ. ಕಣಿವೆಯಾಚೆಯ ವಾಲ್ಮೋರಾದವರಿಗೆ ಒಬ್ಬ ಸಂತನ ಕಿರುಬೆರಳು ಸಿಕ್ಕಿತ್ತು. ಬರಿಯ ಕಿರುಬೆರಳು! ಅಷ್ಟಕ್ಕೇ ಯಾತ್ರಿಕರು ಬಂದರು, ಛತ್ರ ಎದ್ದಿತು, ಕಲ್ಲಿನ ಸೇತುವೆಯಾಯಿತು, ಉಣ್ಣೆಯ ಸಂತೆ ನಡೆಯಿತು. ಬೆರಳಿಗೇ ಇಷ್ಟಾದರೆ ಇಡೀ ಮನುಷ್ಯ ಸಿಕ್ಕಿದರೆ ಏನೇನಾದೀತು ಎಂದು ಎರಡೂ ಊರುಗಳು ಬಾಯಲ್ಲಿ ನೀರು ತುಂಬಿಕೊಂಡು ನಿಂತಿದ್ದವು. ಅವರ ಹಗ್ಗಜಗ್ಗಾಟದಲ್ಲಿ ನನ್ನ ತಮ್ಮ ಒದ್ದೆ ಕಲ್ಲಿನ ಮೇಲೆ ಸಾಯುತ್ತಿದ್ದ.

ಒಳಗೆ ಹೋದೆ. ಬಾಲ್ದೊ ಕಣ್ಣು ಬಿಟ್ಟ.

"ಹೊರಗೆ ಯಾಕಕ್ಕ ಅಷ್ಟೊಂದು ಜನ?"

"ನಿನ್ನ ನೋಡೋಕೆ."

"ಅವ್ರಿಗೆಲ್ಲ ಊಟ ಆಯ್ತಾ?"

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ತಬ್ಬಿಕೊಂಡು ಅಳಬೇಕೆಂದೂ ಅನ್ನಿಸಿತು. "ನನಗೊಂದು ಮಾತು ಕೊಡು. ಇದರಿಂದ ಎದ್ದರೆ ನನ್ನ ಜೊತೆ ಮನೆಗೆ ಬರ್ಬೇಕು. ಸೌದೆ ಗೀದೆ ಅಂತ ಓಡಿಹೋಗೋ ಹಾಗಿಲ್ಲ" ಎಂದೆ. ಅವನು ನಕ್ಕು, "ಆಯ್ತಕ್ಕ, ಬರ್ತೀನಿ" ಎಂದ. ನನಗಿದ್ದವನು ಅವನೊಬ್ಬನೇ. ಅವನನ್ನು ಜೀವಂತವಾಗಿ ನನ್ನ ಒಲೆಯ ಮುಂದೆ ಕೂರಿಸಬೇಕು, ಅದೊಂದು ಬಿಟ್ಟು ಬೇರೇನೂ ನನಗೆ ಬೇಕಿರಲಿಲ್ಲ.

ದಯೆ ತೋರಿಸಿ ಎಂದು ಹೊರಗಿನವರ ಕಾಲಿಗೆ ಬಿದ್ದರೆ ಏನೂ ಆಗುವಂತಿರಲಿಲ್ಲ. ಆಸೆ ತಲೆಗೇರಿದವರ ಹತ್ತಿರ ಆಸೆಯ ಮಾತನ್ನೇ ಆಡಬೇಕು. ತಲೆವಸ್ತ್ರ ಬಿಗಿದು ಹೊರಗೆ ಬಂದೆ.

"ಕೇಳಿ ಇಲ್ಲಿ. ಹೊಡೆದಾಡಿ ಸತ್ತರೆ ನಿಮ್ಮ ಹೆಣ ಹೊರೋಕೇ ಜನ ಸಾಲಲ್ಲ. ಪಾಳಿ ಮಾಡ್ಕೊಳ್ಳಿ. ಭಾನುವಾರದ ಪೂಜೆ ಗಂಟೆಯಿಂದ ಮುಂದಿನ ಭಾನುವಾರದ ಗಂಟೆ ತನಕ ಒಂದೂರಿನ ಕಾವಲು. ಆಮೇಲೆ ಇನ್ನೊಂದೂರಿಂದು. ಯಾರ ಪಾಳೀಲಿ ಉಸಿರು ನಿಲ್ಲುತ್ತೋ ದೇಹ ಅವ್ರದ್ದು. ಒಡಹುಟ್ಟಿದೋಳು ನಾನು ಸಾಕ್ಷಿ. ಒಪ್ತೀರಾ?"

ಪಾಲ್ಮೇರಿಯೊ ಗಾರ್ನೇರೊನ ಮುಖ ನೋಡಿದ, ಗಾರ್ನೇರೊ ಪಾಲ್ಮೇರಿಯೊನ ಮುಖ ನೋಡಿದ. ಇಬ್ಬರಿಗೂ ತಾವೇ ಗೆಲ್ಲುತ್ತೇವೆ ಎಂಬ ನಂಬಿಕೆ. ಶಿಲುಬೆ ಮುಟ್ಟಿ ಆಣೆ ಮಾಡಿದರು. ಚೀಟಿ ಎತ್ತಿದಾಗ ಮೊದಲ ಪಾಳಿ ಕಾಪ್ರಾರಕ್ಕೆ ಬಂತು, ನಮ್ಮವರು ಟೊಪ್ಪಿಗೆ ಹಾರಿಸಿ ಕುಣಿದರು. ನಾನು ಬಾಯಿ ಮುಚ್ಚಿಕೊಂಡು ಕಾದೆ.

ಮರುದಿನ ಬೆಳಗ್ಗೆಯೇ ಸೆರಾಲ್ಬದವರು ಹಾಜರು! ಈ ವಾರ ಸ್ವಾಮಿ ಸತ್ತರೆ ಕೈತಪ್ಪಿ ಹೋಗುತ್ತಾರಲ್ಲ, ರಾತ್ರಿಯೆಲ್ಲ ಅವರಿಗೆ ನಿದ್ದೆ ಹತ್ತಿರಲಿಲ್ಲ. ಪಾಲ್ಮೇರಿಯೊನ ಕೈಯಲ್ಲಿ ಕೋಳಿ ಸಾರಿನ ಮಡಕೆ, ಹಿಂದೆ ಒಬ್ಬ ಜೇನು ಹೊತ್ತಿದ್ದಾನೆ, ಇನ್ನೊಬ್ಬ ಕಂಬಳಿ.

"ನಮ್ಮ ಪಾಳಿ ಇದು. ನೀನ್ಯಾಕೆ ಬಂದೆ?" ಎಂದು ಗಾರ್ನೇರೊ ಅಡ್ಡ ನಿಂತ.

"ಭಕ್ತಿ ಕಣಯ್ಯ, ಭಕ್ತಿ! ಸ್ವಾಮಿಗೆ ಸಾರು ಕೊಡಬೇಡ ಅಂತೀಯಾ? ಅನ್ನು, ಎಲ್ಲರಿಗೂ ಕೇಳೋ ಹಾಗೆ ಜೋರಾಗಿ ಅನ್ನು."

ಗಾರ್ನೇರೊ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಸಾಯುತ್ತಿರುವವನ ಬಾಯಿಂದ ಸಾರು ಕಿತ್ತುಕೊಳ್ಳುತ್ತೇನೆ ಎಂದು ಯಾವ ಕ್ರೈಸ್ತ ಹೇಳಿಯಾನು? ನಾನು ಸಾರನ್ನು ಚಮಚ ಚಮಚವಾಗಿ ಬಾಲ್ದೊನಿಗೆ ಕುಡಿಸಿದೆ. ಮುಂದಿನ ಭಾನುವಾರ ಗಂಟೆ ಬಾರಿಸಿತು, ಪಾಳಿ ಸೆರಾಲ್ಬಕ್ಕೆ ಹೋಯಿತು. ಅವರ ಕೋಳಿಗಳು ಸಾರಿಗೆ ಬಾರದೆ ತಟ್ಟನೆ ಮೊಟ್ಟೆಯಿಡುವುದಕ್ಕೆ ಬೇಕಾದವು. ಈಗ ಸ್ವಾಮಿಯನ್ನು ಉಳಿಸುವ ಸರದಿ ನಮ್ಮ ಕಾಪ್ರಾರದವರದು. ಮೂಟೆ ಮೂಟೆ ಇದ್ದಿಲು ಬಂತು, ಕುರಿಚರ್ಮ ಬಂತು, ಬೆಳ್ಳುಳ್ಳಿ ಹಾಕಿದ ಬೇಳೆಗಂಜಿ ಬಂತು. ಗುಹೆಯೊಳಗೆ ಗಾಳಿ ಬರುತ್ತದೆ ಎಂದು ಎಡಗಡೆ ಒಂದು ಕಲ್ಲುಗೋಡೆ ಕಟ್ಟಿದರು. ಅದರ ಮುಂದಿನ ವಾರ ಸೆರಾಲ್ಬದವರು ಬಂದು, ನಮ್ಮದೇನು ಕಡಿಮೆ ಎಂದು ಬಲಗಡೆ ಅದಕ್ಕಿಂತ ಒಂದು ಗೇಣು ಎತ್ತರದ ಗೋಡೆ ಕಟ್ಟಿದರು. ಎತ್ತರ ಸರಿಹೋಗದೆ ಮೇಲೆ ಹೊದಿಸಿದ ಮಾಡು ಇವತ್ತಿಗೂ ವಾಲಿಕೊಂಡೇ ಇದೆ, ಬೇಕಾದರೆ ಹೋಗಿ ನೋಡಿ.

ಮೈಯಲ್ಲಿ ಒಂದಿಷ್ಟು ಶಕ್ತಿ ಬರುತ್ತಲೇ ಬಾಲ್ದೊ ಪ್ರಾರ್ಥನೆ ಶುರು ಮಾಡಿದ. ಒಂದು ಸಾಲು ಹೇಳುವಷ್ಟರಲ್ಲಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಕಾವಲಿನವರನ್ನು ಕರೆದು, "ಹೇಗೂ ನಿಂತಿದ್ದೀರಲ್ಲ, ನನ್ನ ಜೊತೆ ಕೀರ್ತನೆ ಹೇಳ್ತೀರಾ? ನಂಗೆ ಉಸಿರು ಸಾಲ್ತಿಲ್ಲ" ಎಂದ. ಎಡಗಡೆ ಕಾಪ್ರಾರದವರಿಗೆ ಅರ್ಧ ಸಾಲು ಕಲಿಸಿದ, ಬಲಗಡೆ ಸೆರಾಲ್ಬದವರಿಗೆ ಉಳಿದರ್ಧ. ಇವರು "ಪ್ರಭುವೇ ನನ್ನ ಬಂಡೆ" ಎಂದು ಕಿರುಚಿದರೆ ಅವರು "ಆತನೇ ನನ್ನ ಕೋಟೆ" ಎಂದು ಅದಕ್ಕಿಂತ ಜೋರಾಗಿ ಕಿರುಚುವರು. ಭಕ್ತಿಯೇನೂ ಅಲ್ಲ, ಬರೀ ಜಿದ್ದು! ಮೊದಲ ದಿನ ಆ ಸದ್ದಿಗೆ ಬಂಡೆಯ ಮೇಲಿನ ಕಾಗೆಗಳೆಲ್ಲ ಎದ್ದು ಹೋದವು.

ಊಟಕ್ಕೆ ಕೂತರೆ ಮತ್ತೆ ಜಗಳ. ನಿನ್ನ ಅಜ್ಜ ನಮ್ಮ ಅಜ್ಜನ ಮೇಕೆ ಕದ್ದ, ನಿನ್ನ ದ್ರಾಕ್ಷಾರಸ ಕತ್ತೆಯ ಮೂತ್ರ, ಹೀಗೇ. ಬಾಲ್ದೊ, "ತಿನ್ನೋವಾಗ ಯಾರೂ ಮಾತಾಡ್ಬೇಡಿ" ಎಂದ. ಒಲೆಯ ಹತ್ತಿರದ ಜಾಗಕ್ಕೆ ಕಿತ್ತಾಡಿದಾಗ "ಬಂದವರು ಬಂದ ಕ್ರಮದಲ್ಲಿ ಕೂತ್ಕೊಳ್ಳಿ" ಎಂದ. ಸುಮ್ಮನೆ ಕೂತರೆ ಕೈ ದೊಣ್ಣೆ ಹುಡುಕುತ್ತದೆ ಎಂದು ಗುಹೆಯ ಪಕ್ಕದ ನೆಲ ಅಗೆಯಲು ಕಳಿಸಿದ, ಅವರೆಕಾಳು ಹಾಕಿಸಿದ. ಮುಂದೆ ಧರ್ಮಾಧ್ಯಕ್ಷರ ಕಡೆಯ ವಿದ್ವಾಂಸರೊಬ್ಬರು ಬಂದು, ಎಂಥ ಆಳವಾದ ನಿಯಮಗಳು, ಯಾವ ಗ್ರಂಥದಿಂದ ಬಂದವು ಎಂದು ನನ್ನನ್ನೇ ಕೇಳಿದರು. ಗ್ರಂಥವಂತೆ! ಒಂದೊಂದು ನಿಯಮದ ಹಿಂದೆಯೂ ಒಂದೊಂದು ಹೊಡೆದಾಟವಿದೆ ಸ್ವಾಮಿ ಎಂದೆ.

ಕ್ರಿಸ್ಮಸ್ ಮುಗಿದು ಮೂವರು ಅರಸರ ಹಬ್ಬವೂ ಕಳೆದ ಮೇಲೆ ನನ್ನ ಲೆಕ್ಕಾಚಾರ ತಲೆಕೆಳಗಾಯಿತು. ಬಾಲ್ದೊ ತನ್ನ ಕುರಿಚರ್ಮವನ್ನು ಕೆಮ್ಮುತ್ತಿದ್ದ ಕಾವಲಿನವನೊಬ್ಬನಿಗೆ ಹೊದಿಸಿ ತಾನು ಬರಿಮೈಯಲ್ಲಿ ಮಲಗಿದ. ಹೇಳದೆ ಕೇಳದೆ! ಜ್ವರ ಮರಳಿತು, ಮೊದಲಿಗಿಂತ ಜೋರಾಗಿ ಬಂತು. ಆ ವಾರ ಕಾಪ್ರಾರದ ಪಾಳಿ. ಅಂದರೆ ಸಾರು ಸೌದೆ ಎಲ್ಲ ಸೆರಾಲ್ಬದಿಂದ ಬರಬೇಕು. ಗುರುವಾರದಿಂದ ಹಿಮ ಸುರಿಯತೊಡಗಿ ಸೆರಾಲ್ಬದ ದಾರಿ ಮುಚ್ಚಿಹೋಯಿತು. ಅತ್ತಲಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ನಮ್ಮ ಊರಿನವರು ತಮ್ಮ ಪಾಳಿಯಲ್ಲಿ ಸೌದೆ ತಂದಿಡುವ ಅಭ್ಯಾಸವನ್ನೇ ಇಟ್ಟುಕೊಂಡಿರಲಿಲ್ಲ. ಅದೆಲ್ಲ ನಾನೇ ಹೂಡಿದ ಆಟ, ಅದರ ಹಗ್ಗ ನನ್ನ ಕುತ್ತಿಗೆಗೇ ಬಿತ್ತು.

ಭಾನುವಾರ ಬೆಳಕು ಹರಿಯಿತು. ಬೆಂಕಿ ಬೂದಿಯಾಗಿತ್ತು. ಬಾಲ್ದೊನ ಉಸಿರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತುಟಿ ನೀಲಿಗಟ್ಟಿತ್ತು. ಅವನ ಕೈ ನನ್ನ ಕೈಯೊಳಗಿದ್ದರೂ ನನಗೆ ಬಿಸಿ ಮಾಡಲಾಗಲಿಲ್ಲ. ಆ ದಿನದಷ್ಟು ಹೆದರಿಕೆ ನನಗೆ ಎಂದೂ ಆಗಿದ್ದಿಲ್ಲ. ಹೊರಗೆ ಗಾರ್ನೇರೊ ಮತ್ತು ನಾಲ್ಕೈದು ಜನ ನಿಂತಿದ್ದರು. ಪೂಜೆಯ ಗಂಟೆಗೆ ಸ್ವಲ್ಪವೇ ಹೊತ್ತಿತ್ತು. ಅಷ್ಟರೊಳಗೆ ಉಸಿರು ನಿಂತರೆ ದೇಹ ನಮ್ಮೂರಿಗೆ. ಛತ್ರ, ಸೇತುವೆ, ಸಂತೆ ಎಲ್ಲ ನಮ್ಮೂರಿಗೆ. ದೇಹವಿಲ್ಲದೆ ಕೆಳಗಿಳಿಯಬೇಡ ಎಂದು ಊರಿನ ಹಿರಿಯರು ಅವನಿಗೆ ಹೇಳಿ ಕಳಿಸಿದ್ದು ನನಗೆ ಗೊತ್ತಿತ್ತು.

"ಗಾರ್ನೇರೊ" ಎಂದೆ. ಬೈಯಲು ಶಕ್ತಿ ಇರಲಿಲ್ಲ. "ಸೌದೆ ಬೇಕು ಕಣೋ."

ಅವನು ಒಳಗೆ ಬಂದು ಬಾಲ್ದೊನನ್ನು ನೋಡುತ್ತಾ ನಿಂತ. ನೋಡಿದ, ನೋಡಿದ. ಆಮೇಲೆ ಹೊರಗೆ ಹೋದ. ಹೋದನಲ್ಲ ಪುಣ್ಯಾತ್ಮ ಎಂದುಕೊಳ್ಳುವಷ್ಟರಲ್ಲಿ ಕೊಡಲಿಯ ಸದ್ದು ಕೇಳಿತು. ಇಣುಕಿದರೆ, ಮಾಡಿನ ಕೆಳಗಿಟ್ಟಿದ್ದ ಚಟ್ಟವನ್ನು ಸೀಳುತ್ತಿದ್ದಾನೆ!

"ಏಯ್, ಅದು ಸೆರಾಲ್ಬದವ್ರದ್ದು ಕಣೋ!" ಎಂದ ಜೊತೆಯವನು.

"ಗೊತ್ತು. ಮೊದ್ಲು ಅವ್ರದ್ದು, ಆಮೇಲೆ ನಮ್ದು" ಎಂದ ಗಾರ್ನೇರೊ. ಅವನ ಮುಖದ ಮಸಿಯ ಮೇಲೆ ಎರಡು ಗೆರೆ ಬೆಳ್ಳಗಾಗಿದ್ದವು. "ನನ್ ಹೆಂಡ್ತಿ ಸತ್ತಾಗ ನನ್ನ ಮಾತು ಕೇಳಿಸ್ಕೊಂಡೋರು ಇವ್ರೊಬ್ಬರೇ. ಹಂದಿ ಕಳೆದಿತ್ತು ಅಂತ ಬಂದೆ, ಹೆಂಡ್ತಿ ವಿಷಯ ಹೇಳ್ಕೊಂಡು ಅತ್ತು ಹೋದೆ. ಇವ್ರನ್ನ ಹೊತ್ಕೊಂಡು ಹೋಗಿ ನಾನೇನ್ ಮಾಡ್ಲಿ? ಹೆಣ ನನ್ ಮಾತು ಕೇಳುತ್ತಾ?"

ಒಣಗಿದ ಓಕ್ ಮರದ ಚಟ್ಟ, ಚೆನ್ನಾಗಿ ಹತ್ತಿಕೊಂಡಿತು. ಗುಹೆ ಬಿಸಿಯಾಯಿತು. ನಮ್ಮೂರಿನ ಚಟ್ಟದ ಮೊದಲ ಹಲಗೆ ಬೆಂಕಿಗೆ ಬೀಳುತ್ತಿದ್ದಾಗ ಹೊರಗೆ ಯಾರೋ ಉಸ್ಸೆನ್ನುತ್ತಾ ಬಂದರು. ಪಾಲ್ಮೇರಿಯೊ! ಸೊಂಟದ ತನಕ ಹಿಮ, ಗಡ್ಡದಲ್ಲಿ ಮಂಜುಗಡ್ಡೆ, ಅಂಗಿಯೊಳಗೆ ಎದೆಗವಚಿಕೊಂಡ ಸಾರಿನ ಮಡಕೆ. ಅಷ್ಟು ದೂರ ಒಬ್ಬನೇ ಹಿಮ ತುಳಿದುಕೊಂಡು ಬಂದಿದ್ದ.

"ಲೇ! ಅದು ನಮ್ಮ ಚಟ್ಟದ ರೇಷ್ಮೆ ಅಲ್ವೇನೋ?"

"ಹೂಂ. ಚೆನ್ನಾಗಿ ಉರೀತು. ಬಾ, ಕೈ ಕಾಯಿಸ್ಕೋ."

"ನಿಮ್ಮದೆಲ್ಲಿ?"

"ಈಗ ಹಾಕ್ತಾ ಇದೀನಿ."

ಅಷ್ಟರಲ್ಲಿ ಕೆಳಗೆ ಸೆರಾಲ್ಬದ ಗಂಟೆ ಬಾರಿಸಿತು. ಪಾಳಿ ಬದಲಾಯಿತು. ಈಗ ಉಸಿರು ನಿಂತರೆ ಪಾಲ್ಮೇರಿಯೊ ಗೆದ್ದ, ಸಾರು ಕುಡಿಸುವ ಅಗತ್ಯವೇ ಅವನಿಗಿರಲಿಲ್ಲ. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಅವನು ಮಡಕೆಯ ಬಟ್ಟೆ ಬಿಚ್ಚಿ, "ಇನ್ನೂ ಬೆಚ್ಚಗಿದೆ ತಾಯಿ, ಬೇಗ ಕುಡಿಸಿ. ನನ್ನ ಮುಖ ಏನ್ ನೋಡ್ತೀರಾ?" ಎಂದು ಗದರಿದ. ಜೀವಮಾನದಲ್ಲಿ ಮೊದಲ ಸಲ ಬೇರೊಬ್ಬರು ಗದರಿದ್ದಕ್ಕೆ ನನಗೆ ಖುಷಿಯಾಯಿತು.

ಕೀರ್ತನೆಯ ಹೊತ್ತಾಗಿತ್ತು. ಎಡಗಡೆ ನಮ್ಮವರೆಲ್ಲ ಸಾಲಾಗಿ ನಿಂತರು. ಬಲಗಡೆ ಪಾಲ್ಮೇರಿಯೊ ಒಬ್ಬನೇ. ಅವನು ಗಂಟಲು ಸರಿಮಾಡಿಕೊಂಡು ಒಂದು ಸಾಲು ಎಳೆದ, ಹಿಮ ಕುಡಿದ ಗಂಟಲು ಗೊಗ್ಗರಾಯಿತು. ಗಾರ್ನೇರೊ ತನ್ನವರಲ್ಲಿ ಇಬ್ಬರಿಗೆ ಮೊಣಕೈಯಿಂದ ತಿವಿದ, ಅವರೊಂದಿಗೆ ತಾನೂ ಆಚೆ ಬದಿಗೆ ಹೋಗಿ ಪಾಲ್ಮೇರಿಯೊನ ಪಕ್ಕ ನಿಂತ. ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಿಂದ ಕಾಪ್ರಾರದವನೊಬ್ಬ ಸೆರಾಲ್ಬದವನ ಪಕ್ಕ ದೊಣ್ಣೆ ಇಲ್ಲದೆ ನಿಂತಿದ್ದನ್ನು ಯಾರೂ ಕಂಡಿರಲಿಲ್ಲ. ಆ ಬದಿಯ ಅರ್ಧ ಸಾಲುಗಳು ಅವರಿಗೆ ಬಾಯಿಪಾಠವಿರಲಿಲ್ಲ, ಬಾಯಿಗೆ ಬಂದದ್ದು ಹಾಡಿದರು. ಅಷ್ಟು ಕೆಟ್ಟ ಕೀರ್ತನೆಯನ್ನು ನಾನು ಕೇಳಿದ್ದಿಲ್ಲ. ಕಣ್ಣಲ್ಲಿ ನೀರು ಮಾತ್ರ ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾಲ್ದೊನ ಹಣೆಯಲ್ಲಿ ಬೆವರು ಒಡೆಯಿತು. ಕಣ್ಣು ತೆರೆದು ನನ್ನನ್ನು ನೋಡಿದ. "ಅಕ್ಕ, ಇವತ್ತು ಬಲಗಡೆಯೋರು ತುಂಬಾ ತಪ್ಪು ಹಾಡಿದ್ರು" ಎಂದ. ಪಾಲ್ಮೇರಿಯೊ ಹೊಟ್ಟೆ ಕುಲುಕಿಸಿ ನಕ್ಕ, ನಗುತ್ತಾ ನಗುತ್ತಾ ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತ. ಅಂದಿನಿಂದ ಪಾಳಿಯ ಮಾತನ್ನು ಯಾರೂ ಎತ್ತಲಿಲ್ಲ.

ಈಸ್ಟರ್ ಕಳೆದು ದಾರಿಯ ಹಿಮ ಕರಗಿತು. ಬಾಲ್ದೊ ಎದ್ದು ಓಡಾಡುವಂತಾದ, ಕೆನ್ನೆ ತುಂಬಿಕೊಂಡಿತು. ಕಾವಲಿನ ಕೆಲಸ ಮುಗಿದಿದ್ದರೂ ಒಬ್ಬರೂ ಮನೆಗೆ ಹೋಗಿರಲಿಲ್ಲ. ಕೇಳಿದರೆ ಒಬ್ಬ, "ಅವರೆ ಬಿಡಿಸ್ಬೇಕಲ್ಲ ಪೆರ್ನಕ್ಕ" ಎಂದ, ಇನ್ನೊಬ್ಬ ಗೋಡೆಗೆ ಇನ್ನೊಂದು ವರಸೆ ಕಲ್ಲು ಬಾಕಿ ಎಂದ. ಇರಲಿ, ಅದು ಅವರ ಪಾಡು. ನಾನು ಪಕ್ಕದ ಮನೆಯ ಕತ್ತೆ ಹಿಡಿದುಕೊಂಡು ತಮ್ಮನನ್ನು ಕರೆತರಲು ಹೋದೆ. ಒಲೆಯ ಪಕ್ಕ ಅವನಿಗೆ ಹೊಸ ಹುಲ್ಲಿನ ಹಾಸಿಗೆ ಹಾಕಿಟ್ಟಿದ್ದೆ. ಊರಲ್ಲಿ ಸುದ್ದಿಯಾಗಿ ಜನ ಮೇಣದ ಬತ್ತಿ ಹಿಡಿದು ಊರಬಾಗಿಲಲ್ಲಿ ಕಾಯುತ್ತಿದ್ದರು.

"ನಡಿ ಬಾಲ್ದೊ, ಮಾತು ಕೊಟ್ಟಿದ್ದೀಯ."

"ಹೌದಕ್ಕ, ಕೊಟ್ಟಿದ್ದೀನಿ" ಎಂದವನೇ ಮರುಮಾತಿಲ್ಲದೆ ಕತ್ತೆ ಹತ್ತಿ ಕೂತ. ಇವರು ಸುಮ್ಮನೆ ಬಿಡುತ್ತಾರೆಯೇ, ಇವತ್ತು ದೊಡ್ಡ ಜಗಳವೇ ಆಗುತ್ತದೆ ಎಂದು ನಾನು ಬೈಗುಳವನ್ನೆಲ್ಲ ನಾಲಿಗೆ ತುದಿಗೆ ತಂದುಕೊಂಡಿದ್ದೆ. ಪಾಲ್ಮೇರಿಯೊ ಬಂದ. ಬಂದು ಕತ್ತೆ ಎಡವದಿರಲಿ ಎಂದು ದಾರಿಯ ಕಲ್ಲು ಪಕ್ಕಕ್ಕೆ ಸರಿಸಿದ. ಗಾರ್ನೇರೊ ಕತ್ತೆಯ ತಡಿಯ ಮೇಲೆ, ಅವನ ಬೆನ್ನ ಹಿಂದೆ, ಒಂದು ಕುರಿಚರ್ಮ ಮಡಿಸಿ ಇಟ್ಟ.

"ಯಾಕ್ರೋ, ಯಾರೂ ತಡೆಯಲ್ವಾ?" ಎಂದೆ. "ಸ್ವಾಮಿ ಕಾಪ್ರಾರಕ್ಕೆ ಹೊರಟಿದ್ದಾನೆ ಕಣ್ರೋ!"

"ಹೋಗ್ಲಿ ಬಿಡಕ್ಕ" ಎಂದ ಗಾರ್ನೇರೊ. "ಇಲ್ಲಿ ಚಳಿ. ನಿನ್ನ ಒಲೆ ಮುಂದೆ ಇದ್ರೆ ಇನ್ನೊಂದಷ್ಟು ವರ್ಷ ಜಾಸ್ತಿ ಬದುಕ್ತಾರೆ. ಬದುಕಿರ್ಲಿ, ಎಲ್ಲಾದ್ರೂ ಇರ್ಲಿ." ಪಾಲ್ಮೇರಿಯೊನೂ ತಲೆಯಾಡಿಸಿ, "ಕೆಮ್ಮು ಬಂದ್ರೆ ಹೇಳಿಕಳಿಸಿ ತಾಯಿ, ಕೋಳಿ ಇದೆ" ಎಂದ.

ಪ್ರಾರ್ಥನೆಯ ಹೊತ್ತಾಗಿತ್ತೋ ಏನೋ, ಅಭ್ಯಾಸಬಲದಿಂದ ಅವರೆಲ್ಲ ಹೋಗಿ ಎರಡು ಸಾಲಾಗಿ ನಿಂತುಕೊಂಡರು. ಯಾವ ಸಾಲಿನಲ್ಲಿ ಯಾವ ಊರಿನವರು ಎಂದು ಈಗ ಹೇಳಲಾಗುತ್ತಿರಲಿಲ್ಲ. ಮೊದಲ ಮಾತು ಎತ್ತಿಕೊಡುವವನು ಕತ್ತೆಯ ಮೇಲಿದ್ದ. ಅವರು ಕಾದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರಿಗೂ ಶುರು ಮಾಡಲು ಆಗಲಿಲ್ಲ. ಬಾಲ್ದೊ ಹಿಂದೆ ತಿರುಗಿ ನೋಡಲಿಲ್ಲ, ನನಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಕತ್ತೆಯ ಕಿವಿಯನ್ನೇ ನೋಡುತ್ತಾ ಕೂತಿದ್ದ. ಅವನ ತುಟಿ ಮಾತ್ರ ಅಲುಗಾಡುತ್ತಿತ್ತು.

ಸತ್ತವನನ್ನು ಹೊತ್ತೊಯ್ಯಲು ಬಂದವರು ಬದುಕಿರುವವನನ್ನು ಬಿಟ್ಟುಕೊಡುತ್ತಿದ್ದರು. ಬದುಕಿರಲಿ ಎಂದು ಬಂದ ನಾನು ಅವನನ್ನು ಕತ್ತೆಯ ಮೇಲೆ ಹೇರಿಕೊಂಡು ಹೊರಟಿದ್ದೆ. ನನ್ನ ಮೇಲೇ ನನಗೆ ಕೋಪ ಬಂತು, ಅವರೆಲ್ಲರ ಮೇಲೂ ಬಂತು, ಕತ್ತೆಯ ಮೇಲೂ ಬಂತು.

"ಇಳಿಯೋ ಕೆಳಗೆ" ಎಂದೆ.

"ಏನಕ್ಕ?"

"ಇಳಿ ಅಂದ್ರೆ ಇಳಿ! ಕಿವಿ ಕೇಳಲ್ವಾ? ಅಲ್ನೋಡು, ತಾಯಿ ಕಳ್ಕೊಂಡ ಕುರಿಮರಿಗಳ ಥರ ನಿಂತಿದ್ದಾರೆ ಗಡ್ಡ ಬಂದ ಗಂಡಸರು. ಹೋಗಿ ಹಾಡಿಸು."

"ನಿನಗೆ ಮಾತು ಕೊಟ್ಟಿದ್ದೀನಲ್ಲಕ್ಕ."

"ಮಾತು ತಗೊಂಡೋಳು ನಾನು, ಬಿಟ್ಟೋಳೂ ನಾನೇ. ಹೋಗು, ನನ್ನ ಅಳಿಸ್ಬೇಡ."

ಅವನು ಇಳಿದು ನನ್ನ ಕೈಗೆ ಮುತ್ತಿಟ್ಟ, ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ ಹಣೆಯನ್ನು ನನ್ನ ಭುಜಕ್ಕೆ ಒತ್ತಿದ. ಆಮೇಲೆ ಓಡಿದ. ನಡೆಯಲಿಲ್ಲ ಮಹಾಶಯ, ಓಡಿದ! ಈಗ ಆ ಗುಹೆಯ ಹತ್ತಿರ ಇರುವ ಮಠ ಸ್ಥಾಪಿಸಿದವರು ಯಾರು ಎಂದು ಧರ್ಮಾಧ್ಯಕ್ಷರ ಕಡೆಯವರು ದೊಡ್ಡ ದೊಡ್ಡ ಹೆಸರು ಹೇಳುತ್ತಾರೆ, ದೇವದೂತ ಕನಸಲ್ಲಿ ಬಂದ ಎನ್ನುತ್ತಾರೆ. ಯಾವ ದೇವದೂತನೂ ಬರಲಿಲ್ಲ, ನಾನು ಅಲ್ಲೇ ಇದ್ದೆ.

ಬರೀ ಕತ್ತೆ ಹೊಡೆದುಕೊಂಡು ಇಳಿದೆ. ದಾರಿಯುದ್ದಕ್ಕೂ ಅತ್ತೆ, ದಾರಿಯುದ್ದಕ್ಕೂ ಕತ್ತೆಯನ್ನು ಬೈದೆ. ಮೇಲಿನಿಂದ ಕೀರ್ತನೆ ಕೇಳುತ್ತಲೇ ಇತ್ತು. ಕಾಪ್ರಾರದ ಬಾಗಿಲಲ್ಲಿ ಬತ್ತಿ ಹಿಡಿದು ನಿಂತವರೆಲ್ಲ ಬರಿದಾದ ತಡಿಯನ್ನು ನೋಡಿ, "ಅಯ್ಯೋ, ಸ್ವಾಮಿ ಎಲ್ಲಿ? ಏನಾಯ್ತು ಸ್ವಾಮಿಗೆ?" ಎಂದು ಮುತ್ತಿಕೊಂಡರು.

"ಬದುಕಿದ್ದಾನೆ" ಎಂದೆ. ಚಳಿಗಾಲವೆಲ್ಲ ಆ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಬಂದಿರಲಿಲ್ಲ. ಹೇಳಿದ ಮೇಲೆ ಮೆಟ್ಟಿಲ ಮೇಲೆ ಕೂತೆ. "ಬದುಕಿದ್ದಾನೆ ಕಣ್ರೇ, ಗುಂಡುಕಲ್ಲಿನ ಹಾಗಿದ್ದಾನೆ. ಆ ಬತ್ತಿಗಳನ್ನ ಆರಿಸಿ, ಸುಮ್ನೆ ಮೇಣ ಹಾಳು. ನಾಳೆ ಹಿಟ್ಟು ಜಾಸ್ತಿ ನಾದಿ ತನ್ನಿ, ಮೇಲೆ ತಿನ್ನೋ ಬಾಯಿ ತುಂಬಾ ಇವೆ."